ಮೊದಲು ನೀರು, ಆಮೇಲೆ ಜಲ್ಲಿ: ನಮ್ಮ ದಾರಿಯ ಗುಂಡಿ ಮುಚ್ಚಿದ ಅನುಭವ

ನಮ್ಮ ತೋಟದಿಂದ ಮೂಡಿಗೆರೆ ರಸ್ತೆ ಸೇರಲು ಸುಮಾರು ಒಂದೂವರೆ ಕಿಲೋಮೀಟರ್ ದಾರಿ. ಯಾವ ಕಾಲದ್ದೋ ಡಾಂಬರು, ಅಲ್ಲಲ್ಲಿ ತೇಪೆಯಷ್ಟು ಉಳಿದಿದೆ. ನಮ್ಮದು ಹಳೇ ವ್ಯಾಗನ್ ಆರ್. ಮೂರು ವರ್ಷದ ಹಿಂದೆ ಆಶ್ಲೇಷಾ ಮಳೆಯಲ್ಲಿ ಒಂದೇ ವಾರಕ್ಕೆ ಎರಡು ಟೈರಿನ ಪಕ್ಕ ಉಬ್ಬಿತು. ಹಾಗೆ ಉಬ್ಬಿದರೆ ಒಳಗಿನ ನೂಲು ಹರಿದಿದೆ ಅಂತಲೇ ಅರ್ಥ, ರಿಪೇರಿ ಇಲ್ಲ. ಎಂಟು ಸಾವಿರ ಹೋಯಿತು. ಎರಡೂ ಕಡೆ ಚಕ್ರವನ್ನು ಕಾರಿಗೆ ಜೋಡಿಸುವ ಲೋಯರ್ ಆರ್ಮ್, ಜೊತೆಗೆ ಲಿಂಕ್ ರಾಡ್, ಚಕ್ರದ ಅಲೈನ್‌ಮೆಂಟ್ ಸೇರಿ ಇನ್ನೊಂದು ಹತ್ತು ಸಾವಿರ.

ನಾನು ಕೆಟ್ಟು ಕಲಿತದ್ದೇ ಜಾಸ್ತಿ. ಮೊದಲು ಆಳುಗಳ ಹಳೇ ಲೈನ್ ಮನೆ ಕೆಡವಿದ ಇಟ್ಟಿಗೆ ಚೂರು, ಮಣ್ಣು ತುಂಬಿಸಿದೆ. ಹದಿನೈದು ದಿನಕ್ಕೆ ಕೆಸರಾಯಿತು. ಆಮೇಲೆ ಬರೀ ಜಲ್ಲಿ ಸುರಿದೆ. ಪಿಕಪ್‌ಗಳು ಓಡಾಡಿ ಎಲ್ಲ ಪಕ್ಕಕ್ಕೆ ಚೆಲ್ಲಿತು. ಮೂರನೇ ಸಲ ಎಂಟು ಚೀಲ ಸಿಮೆಂಟ್ ತಂದು ಕಾಂಕ್ರೀಟ್ ಹಾಕಿಸಿದೆ. ಮಳೆ ಹಿಡಿದ ಮೇಲೆ ಅದು ಪಾತ್ರೆ ಮುಚ್ಚಳದ ಹಾಗೆ ಅಲ್ಲಾಡಿ ಎದ್ದು ಬಂತು. ಆರೇಳು ಸಾವಿರ ನೀರುಪಾಲು.

ಮುಂದಿನ ಆರಿದ್ರಾ ಮಳೆಯಲ್ಲಿ ಒಂದು ಮಧ್ಯಾಹ್ನ ಕೊಡೆ ಹಿಡಿದು ದಾರಿ ಪೂರ್ತಿ ನಡೆದೆ. ನೀರು ರಸ್ತೆ ದಾಟುವ ಕಡೆಯೆಲ್ಲ ಗಿಡ ಸವರಿದಾಗ ಬಿದ್ದ ಕಾಫಿ ಕಡ್ಡಿ ನೆಟ್ಟೆ. ನಲವತ್ತು ಗುಂಡಿಯಲ್ಲಿ ಇಪ್ಪತ್ತೈದರ ಮೇಲೆ ಆ ಕಡ್ಡಿಗಳ ಆಸುಪಾಸಿನಲ್ಲೇ ಇದ್ದವು! ಮೇಲ್ಭಾಗದ ಚರಂಡಿಯಲ್ಲಿ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡು ನೀರು ರಸ್ತೆಗೆ ಹತ್ತುತ್ತಿತ್ತು. ಬಿರುಕಿನಲ್ಲಿ ಇಳಿದ ನೀರನ್ನು ಚಕ್ರ ಒತ್ತಿದರೆ ಅಡಿಯ ಜಲ್ಲಿ ಸಡಿಲ ಆಗದೆ ಇರುತ್ತದಾ?

ರೊಬಸ್ಟಾ ಕೊಯ್ಲು ಮುಗಿದ ಮೇಲೆ ಇಬ್ಬರು ಆಳು ಹಾಕಿ ಮೂರು ದಿನ ಬರೀ ಚರಂಡಿ ಬಿಡಿಸಿದೆ. ಚಿಕ್ಕಪ್ಪ ಬಂದು ನೋಡಿ, "ಗುಂಡಿ ಮುಚ್ತೀನಿ ಅಂದು ಕಾಲುವೆ ತೋಡ್ತಿದ್ದೀಯಲ್ಲ ಮಾರಾಯ, ನಮ್ಮ ಮಳೆಗೆ ಇದೆಲ್ಲ ನಿಲ್ಲುತ್ತಾ?" ಅಂದರು. ನಾನು ಸುಮ್ಮನಿದ್ದೆ.

ಗುಂಡಿಯ ಅಂಚನ್ನು ಗಟ್ಟಿ ಸಿಗುವವರೆಗೆ ಪಿಕಾಸಿಯಲ್ಲಿ ಚೌಕಾಕಾರ ಕಡಿಯಬೇಕು, ಗೋಡೆ ನೆಟ್ಟಗಿರಬೇಕು. ಕೆಸರು ಗುಡಿಸಿ ತೆಗೆದು, 40 ಎಂಎಂ ಜಲ್ಲಿಯನ್ನು ಮೂರ್ನಾಲ್ಕು ಇಂಚಿನ ಪದರವಾಗಿ ಹಾಕಿ ನೆಲ ಗಟ್ಟಿ ಮಾಡುವ ದಿಮ್ಮಸು ಹೊಡೆಸಿದೆ. ಮೇಲೆ ಕ್ರಷರ್‌ನಲ್ಲಿ ಸಿಗುವ ಕಲ್ಲು ಪುಡಿ, ನೀರು ಚಿಮುಕಿಸಿ ಮತ್ತೆ ಹೊಡೆತ. ಹಾರೆಯ ಮೊಂಡು ತುದಿಯಲ್ಲಿ ಕುಟ್ಟಿ ನೋಡುತ್ತಿದ್ದೆ. ಧಪ್ ಅಂದರೆ ಇನ್ನೂ ಪೊಳ್ಳು, ಟಣ್ ಅಂದರೆ ಮುಂದಿನ ಪದರ. ಪುಡಿಗೆ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ಸದ್ಯ ನನ್ನಲ್ಲೇ ಇರಲಿ. ಏರು ಜಾಗದ ಹನ್ನೆರಡು ಗುಂಡಿಗೆ ಮಾತ್ರ ಚೀಲದಲ್ಲಿ ಬರುವ ರೆಡಿಮೇಡ್ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕುವ ಡಾಂಬರು-ಜಲ್ಲಿ ಮಿಶ್ರಣ) ಹಾಕಿ, ರಸ್ತೆಗಿಂತ ಅರ್ಧ ಇಂಚು ಎತ್ತರ ಬಿಟ್ಟು, ಒತ್ತಿ ಕೂರಲಿ ಅಂತ ಲೋಡ್ ತುಂಬಿದ ಪಿಕಪ್ ಹತ್ತಿಸಿದೆ. ಒಟ್ಟು ಇಪ್ಪತ್ತೆರಡು ಸಾವಿರದ ಹತ್ತಿರ ಬಂತು.

ಕಾರಿನ ಮೇಲೂ ಪ್ರಯೋಗ ಮಾಡಿದ್ದೆ. ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿದೆ. ಕಾರು ಎತ್ತರವಾಯಿತು ನಿಜ, ಆದರೆ ಸಣ್ಣ ಕಲ್ಲಿಗೂ ಬೆನ್ನಿಗೆ ಗುದ್ದು. ಎರಡು ತಿಂಗಳಲ್ಲಿ ತೆಗೆಸಿದೆ. ಮೆತ್ತಗಿರಲಿ ಅಂತ ಟೈರಿನ ಗಾಳಿ ಇಳಿಸಿದೆ, ರಿಮ್ಮೇ ಬಾಗಿತು. ಈಗ ಕಂಪನಿ ಹೇಳಿದಷ್ಟೇ ಗಾಳಿ, ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ. ಇನ್ನು ಚಾರ್ಮಾಡಿ ಕಡೆ ಹೋಗುವಾಗ ಗುಂಡಿಯೊಳಗೆ ಬ್ರೇಕ್ ಒತ್ತಿಕೊಂಡು ಇಳಿಯುವುದಿಲ್ಲ. ಬ್ರೇಕ್ ಹಿಡಿದರೆ ಮುಂಭಾಗ ಕುಸಿದು ಸ್ಪ್ರಿಂಗ್ ಮೊದಲೇ ಅದುಮಿರುತ್ತದೆ, ಹೊಡೆತ ತಡೆಯಲು ಜಾಗವೇ ಇರುವುದಿಲ್ಲ. ಮೊದಲೇ ವೇಗ ಇಳಿಸಿ, ಅಂಚಿಗೆ ಬಂದಾಗ ಕಾಲು ತೆಗೆಯುತ್ತೇನೆ.

ಕಳೆದ ಮಳೆಗಾಲ ಮೃಗಶಿರಾದಿಂದ ಮಖೆವರೆಗೆ ಒಂದು ಟೈರೂ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ನೋಡಿಸಿದರೆ ಅಲೈನ್‌ಮೆಂಟ್ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಏರಿನ ಹನ್ನೆರಡೂ ಗಟ್ಟಿಯಾಗಿ ನಿಂತಿವೆ. ಸಮತಟ್ಟಿನಲ್ಲಿ ನಾಲ್ಕೈದು ಗುಂಡಿಯ ಮೇಲ್ಪದರ ಮಾತ್ರ ಕಿತ್ತಿದೆ, ಅದಕ್ಕೆ ಒಂದು ದಿನದ ಕೆಲಸ ಸಾಕು. ಈ ಸಲ ಚಿಕ್ಕಪ್ಪನೇ ಟ್ರ್ಯಾಕ್ಟರಿನಲ್ಲಿ ಎರಡು ಲೋಡ್ ಜಲ್ಲಿ ತರಿಸಿ ಗೇಟಿನ ಹತ್ತಿರ ಇಳಿಸಿದ್ದಾರೆ. ಮೋರಿ ಪಕ್ಕದ ತಿರುವು ಬಾಕಿ ಇದೆ. ಅಲ್ಲಿ ಅಡ್ಡ ಪೈಪ್ ಹಾಕದೆ ಆಗುವುದಿಲ್ಲ, ಕಾಫಿ ಹೂ ಅರಳಿಸುವ ಹೂ ಮಳೆ ಬರುವ ಮೊದಲೇ ಮುಗಿಸಬೇಕು.