1099 ಕೈಗೆ ಬಂದ್ರೆ ನೀವು ಕಾಂಟ್ರಾಕ್ಟರೇ? ಅಮೆರಿಕದಲ್ಲಿ ಸ್ಟೇಟಸ್ ನೋಡ್ಕೊಳ್ಳೋದು ಹೀಗೆ

ಕಂಪನಿಯವರು 1099-ಎನ್‌ಇಸಿ (ಕಾಂಟ್ರಾಕ್ಟರ್‌ಗೆ ಕೊಟ್ಟ ದುಡ್ಡು ತೋರಿಸೋ ಟ್ಯಾಕ್ಸ್ ಫಾರ್ಮ್) ಕಳಿಸಿದ್ರು ಅಂದ್ರೆ ‘ಸರಿ, ನಾನು ಕಾಂಟ್ರಾಕ್ಟರೇ’ ಅಂತ ಒಪ್ಕೊಂಡು, ಎರಡೂ ಕಡೆಯ ಟ್ಯಾಕ್ಸನ್ನ ಒಬ್ರೇ ಕಟ್ಟಿ ಸುಮ್ಮನಾಗೋರು ತುಂಬಾ ಜನ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ನೌಕರರೋ ಕಾಂಟ್ರಾಕ್ಟರೋ ಅನ್ನೋ ಸ್ಟೇಟಸ್ ತೀರ್ಮಾನ ಮಾಡೋದು ಆ ಫಾರ್ಮೂ ಅಲ್ಲ, ಅಗ್ರಿಮೆಂಟಲ್ಲಿ ಬರೆದಿರೋ ಹೆಸರೂ ಅಲ್ಲ. ದಿನಾ ಕೆಲಸ ಹೇಗೆ ನಡೀತಿದೆ ಅಂತ ಐಆರ್‌ಎಸ್ (ಅಮೆರಿಕದ ಟ್ಯಾಕ್ಸ್ ಇಲಾಖೆ) ನೋಡುತ್ತೆ.

ಮೊದಲು ದುಡ್ಡಿನ ಲೆಕ್ಕ ಹಾಕ್ಕೊಳ್ಳಿ. ನೌಕರರಾಗಿದ್ರೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ), ಮೆಡಿಕೇರ್‌ಗೆ (ವಯಸ್ಸಾದೋರ ಆರೋಗ್ಯ ವಿಮೆ) ಸಂಬಳದಲ್ಲಿ 7.65% ಹಿಡೀತಾರೆ, ಅಷ್ಟನ್ನೇ ಕಂಪನಿ ತಾನೂ ಕಟ್ಟುತ್ತೆ. ಕಾಂಟ್ರಾಕ್ಟರ್‌ಗೆ 15.3% ಪೂರ್ತಿ ತನ್ನದೇ. ಖರ್ಚು ಕಳೆದು 60,000 ಡಾಲರ್ ಉಳಿದ್ರೆ, ಅದರ 92.35% ಮೇಲೆ ಸುಮಾರು 8,478 ಡಾಲರ್, ಇನ್‌ಕಮ್ ಟ್ಯಾಕ್ಸ್ ಬೇರೆ. ಅದೇ ಸಂಬಳವಾಗಿದ್ರೆ ನಿಮ್ಮ ಪಾಲು 4,590.

ಇನ್ನು ಎಲ್ರೂ ಎಡವೋ ಜಾಗ. ಐಆರ್‌ಎಸ್ ಮೂರು ಕಡೆಯಿಂದ ನೋಡುತ್ತೆ: ಕೆಲಸದ ಮೇಲೆ ಯಾರ ಹಿಡಿತ, ದುಡ್ಡಿನ ಮೇಲೆ ಯಾರ ಹಿಡಿತ, ಇಬ್ಬರ ನಡುವಿನ ಸಂಬಂಧ ಎಂಥದ್ದು. ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್ ಆಗ್ಲೇಬೇಕು, ಲ್ಯಾಪ್‌ಟಾಪ್ ಕಂಪನಿದು, ಕೆಲಸ ಹೀಗೇ ಮಾಡು ಅಂತ ಮ್ಯಾನೇಜರ್ ಹೇಳಿಕೊಡ್ತಾರೆ, ಗಂಟೆ ಲೆಕ್ಕದಲ್ಲಿ ದುಡ್ಡು, ಮುಗಿಯೋ ದಿನ ಅಂತ ಇಲ್ಲ, ಕಂಪನಿಯ ಮುಖ್ಯ ವ್ಯವಹಾರವೇ ನಿಮ್ಮ ಕೈಯಲ್ಲಿ ನಡೀತಿದೆ ಅಂದ್ರೆ ಹೆಸರು ಏನೇ ಇರ್ಲಿ, ಅದು ನೌಕರಿ ಥರಾನೇ ಕಾಣುತ್ತೆ. ಅದೇ ಸ್ವಂತ ಲ್ಯಾಪ್‌ಟಾಪ್ ಸಾಫ್ಟ್‌ವೇರ್ ಇಟ್ಕೊಂಡು, ಮೂರ್ನಾಲ್ಕು ಕ್ಲೈಂಟ್ ಹಿಡ್ಕೊಂಡು, ಇಷ್ಟು ಕೆಲಸಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ, ಕೆಟ್ಟರೆ ತನ್ನ ಖರ್ಚಲ್ಲೇ ಸರಿ ಮಾಡಿಕೊಡೋ ವೆಬ್ ಡಿಸೈನರ್‌ಗೆ ಲಾಭಾನೂ ಅವರದೇ, ನಷ್ಟಾನೂ ಅವರದೇ, ಅವರು ಕಾಂಟ್ರಾಕ್ಟರ್. ಮನೆಯಿಂದ ಕೆಲಸ ಮಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ಕಾಂಟ್ರಾಕ್ಟರ್ ಆಗಲ್ಲ, ಎಲ್ಲ ಸೇರಿಸಿ ತೂಗ್ತಾರೆ. ಅದಕ್ಕೇ ಟೈಮ್‌ಶೀಟು, ‘ಇವತ್ತು ರಜ ಕೊಡಲ್ಲ’ ಅನ್ನೋ ಮೆಸೇಜು ಎಲ್ಲ ಇವತ್ತಿಂದಲೇ ತೆಗೆದಿಡಿ, ಕೆಲಸ ಬಿಟ್ಟಮೇಲೆ ಕಂಪನಿ ಅಕೌಂಟ್ ತೆರೆಯಲ್ಲ.

ನೌಕರ ಅಂತಲೇ ಅನ್ಸಿದ್ರೆ, ಸ್ಟೇಟಸ್ ತೀರ್ಮಾನಿಸಿ ಅಂತ ಕೇಳೋ ಎಸ್‌ಎಸ್-8 ಫಾರ್ಮ್ ತುಂಬಿ ಐಆರ್‌ಎಸ್‌ಗೆ ಕಳಿಸಿ, ಫೀಸಿಲ್ಲ. ಕಂಪನಿಯನ್ನೂ ಅವರು ವಿಚಾರಿಸ್ತಾರೆ, ಹಾಗಾಗಿ ಗುಟ್ಟಾಗಿ ಉಳಿಯಲ್ಲ, ಅದನ್ನ ಯೋಚಿಸಿಯೇ ಕಳಿಸಿ. ಉತ್ತರಕ್ಕೆ ಆರು ತಿಂಗಳಾದ್ರೂ ಬೇಕು, ಅಲ್ಲಿವರೆಗೆ ರಿಟರ್ನ್ ನಿಲ್ಲಿಸಬೇಡಿ. ರಿಟರ್ನ್ ಜೊತೆ 8919 ಫಾರ್ಮ್ (ಕಂಪನಿ ಹಿಡಿಯದೆ ಬಿಟ್ಟ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಲೆಕ್ಕದ್ದು) ಹಾಕಿ, ಕಾರಣದ ಕೋಡ್ ಜಿ (ಎಸ್‌ಎಸ್-8 ಹಾಕಿದ್ದೀನಿ, ಉತ್ತರ ಬಂದಿಲ್ಲ ಅಂತ). ಆಗ ನೌಕರನ ಪಾಲು 7.65% ಮಾತ್ರ ಕಟ್ತೀರಿ. ಎಸ್‌ಎಸ್-8 ಅನ್ನ ರಿಟರ್ನ್‌ಗೆ ಲಗತ್ತಿಸಬೇಡಿ, ಅದು ಬೇರೆಯಾಗಿಯೇ ಹೋಗಬೇಕು.

ನಿಜವಾಗ್ಲೂ ಕಾಂಟ್ರಾಕ್ಟರಾದ್ರೆ ರಿಟರ್ನ್ ಜೊತೆ ಶೆಡ್ಯೂಲ್ ಸಿ (ಆದಾಯ ಖರ್ಚಿನ ಲೆಕ್ಕ), ನಿವ್ವಳ 400 ಡಾಲರ್ ಮುಟ್ಟಿದ್ರೆ ಶೆಡ್ಯೂಲ್ ಎಸ್‌ಇ (ಆ 15.3% ಲೆಕ್ಕ). 1099 ಬರದಿದ್ರೂ ಆದಾಯ ತೋರಿಸ್ಲೇಬೇಕು. ವರ್ಷದ ಕೊನೆಗೆ 1,000 ಡಾಲರ್ ಅಥವಾ ಹೆಚ್ಚು ಬಾಕಿ ಬರೋ ಹಾಗಿದ್ರೆ ಏಪ್ರಿಲ್, ಜೂನ್, ಸೆಪ್ಟೆಂಬರ್, ಮುಂದಿನ ಜನವರಿ, ಪ್ರತಿ ಸಲ 15ರೊಳಗೆ ಕಂತು ಕಟ್ಟಿ. ಇದಕ್ಕೆ ಅಂತ ಬೇರೆ ಬ್ಯಾಂಕ್ ಅಕೌಂಟ್ ಇಡ್ಲೇಬೇಕು ಅನ್ನೋದು ನನ್ನ ಮಾತು, ಪೇಮೆಂಟ್ ಬಂದ ದಿನವೇ ಟ್ಯಾಕ್ಸ್ ಪಾಲು ಅಲ್ಲಿಗೆ ಹಾಕಿ.

ಇಐಎನ್ ನಂಬರ್‌ಗೆ (ವ್ಯವಹಾರಕ್ಕೆ ಐಆರ್‌ಎಸ್ ಕೊಡೋ ಟ್ಯಾಕ್ಸ್ ನಂಬರ್) ದುಡ್ಡು ಕೇಳೋ ವೆಬ್‌ಸೈಟ್‌ಗಳ ಹತ್ರ ಹೋಗ್ಬೇಡಿ, ಐಆರ್‌ಎಸ್ ಸೈಟಲ್ಲಿ ಅದು ಪುಕ್ಕಟೆ. ‘ಎಲ್‌ಎಲ್‌ಸಿ ಮಾಡ್ಕೊಳ್ಳಿ, ಟ್ಯಾಕ್ಸ್ ಉಳಿಯುತ್ತೆ’ ಅನ್ನೋ ಜಾಹೀರಾತನ್ನೂ ನಂಬಬೇಡಿ, ಒಬ್ಬರೇ ಇರೋ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿದ ಮಾತ್ರಕ್ಕೆ 15.3% ತಪ್ಪಲ್ಲ. ಎಚ್-1ಬಿ ವೀಸಾದಲ್ಲಿರೋರಂತೂ ಸೈಡಲ್ಲಿ 1099 ಕೆಲಸ ಒಪ್ಕೊಳ್ಳಲೇಬೇಡಿ, ವೀಸಾಗೇ ಕುತ್ತು.

ರಾಜ್ಯದ ಕಾನೂನನ್ನೂ ಬೇರೆಯಾಗಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಎಬಿ5 ಅನ್ನೋ ಕಾನೂನಿನ ಪ್ರಕಾರ ಎಬಿಸಿ ಟೆಸ್ಟ್ (ಎ, ಬಿ, ಸಿ ಅನ್ನೋ ಮೂರು ಷರತ್ತಿನ ಪರೀಕ್ಷೆ) ಇದೆ, ಕಾಂಟ್ರಾಕ್ಟರ್ ಅಂತ ರುಜುವಾತು ಮಾಡೋ ಹೊಣೆ ಕೆಲಸ ಕೊಟ್ಟೋರದೇ. ವಿನಾಯಿತಿ ಇರೋ ಕಸುಬುಗಳ ಪಟ್ಟಿ ಉದ್ದ ಇದೆ, ನಿಮ್ಮದು ಅದರಲ್ಲಿದೆಯಾ ಅಂತ ಮೊದಲು ನೋಡ್ಕೊಳ್ಳಿ.