ಮೂಳೆಯ ಇಂಜೆಕ್ಷನ್ ಶುರುವಾಗುವ ಮುನ್ನ ಮನೆಯವರು ಮಾಡಬೇಕಾದದ್ದು

ಕೋಲಾರದ ಕಡೆ ಸೊಂಟನೋವೆಂದರೆ ಮೊದಲ ಅನುಮಾನ ಬೋರ್‌ವೆಲ್ ನೀರಿನ ಮೇಲೆಯೇ. ಫ್ಲೋರೈಡ್ ನೀರನ್ನು ದಶಕಗಟ್ಟಲೆ ಕುಡಿದವರ ಹಲ್ಲು, ಮಂಡಿ, ಬೆನ್ನನ್ನು ಊರೂರಿನಲ್ಲೂ ಕಂಡಿರುವ ನಮಗೆ ಅದು ಸಹಜ. ಆದರೆ ಸ್ತನದ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಿಂದೆ ಚಿಕಿತ್ಸೆ ಪಡೆದವರಿಗೆ ಹೊಸದಾಗಿ ಬಂದ ನೋವು ಮಲಗಿದರೂ ತಗ್ಗದೆ ರಾತ್ರಿ ಹೆಚ್ಚುತ್ತಿದ್ದರೆ, ಅದನ್ನು ನೀರಿನ ಲೆಕ್ಕಕ್ಕೆ ಬರೆದು ಸುಮ್ಮನಿರಬಾರದು; ಕ್ಯಾನ್ಸರ್ ಮೂಳೆಗೆ ಹರಡಿರಬಹುದು. ನನ್ನ ತಾಯಿಯ ವಿಷಯದಲ್ಲಿ ನಾವು ಮೂರು ತಿಂಗಳನ್ನು ಎಣ್ಣೆ ತಿಕ್ಕುತ್ತಲೇ ಕಳೆದೆವು. ಫ್ಲೋರೋಸಿಸ್ ಆದವರ ಮೂಳೆಯೂ, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ ಮೂಳೆಯೂ ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣಬಹುದು. ಆದ್ದರಿಂದ ಹಳೆಯ ಕ್ಯಾನ್ಸರ್ ಮತ್ತು ಕುಡಿಯುವ ನೀರು, ಎರಡರ ವಿಷಯವನ್ನೂ ವೈದ್ಯರಿಗೆ ತಪ್ಪದೆ ಹೇಳಿ.

ಮೂಳೆಗೆ ಹರಡುವ ಈ ಕ್ಯಾನ್ಸರ್ ನನಗೆ ಅರ್ಥವಾದದ್ದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಕ್ಯಾನ್ಸರ್ ತಜ್ಞ ರಾಬರ್ಟ್ ಕೋಲ್ಮನ್ ಅವರ ಪ್ರಬಂಧಗಳಿಂದ. ಮುಂದುವರಿದ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ನೂರಕ್ಕೆ ಸುಮಾರು 65ರಿಂದ 75 ಮಂದಿಗೆ ಅದು ಮೂಳೆಗೆ ಹರಡುತ್ತದೆಂದು ಅವರು ಬರೆದಿದ್ದಾರೆ. ಮೂಳೆ ತಾನಾಗಿ ಮುರಿಯುವುದು, ಬೆನ್ನುಹುರಿಯ ಮೇಲೆ ಒತ್ತಡ ಬೀಳುವುದು, ಮೂಳೆಗೆ ರೇಡಿಯೇಷನ್ ಅಥವಾ ಆಪರೇಷನ್ ಬೇಕಾಗುವುದು, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು ಅದರ ಮುಖ್ಯ ತೊಡಕುಗಳು. ಕ್ಯಾನ್ಸರ್ ಕೋಶಗಳು ಮೂಳೆ ಕರಗಿಸುವ ಜೀವಕೋಶಗಳನ್ನು ಕೆರಳಿಸುತ್ತವೆ. ಕರಗಿದ ಮೂಳೆಯಿಂದ ಹೊರಬಂದ ಅಂಶಗಳೇ ಮತ್ತೆ ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತವೆ. ಮೂಳೆಯ ಇಂಜೆಕ್ಷನ್ ಎಂದು ನಾನು ಇಲ್ಲಿ ಹೇಳುತ್ತಿರುವ ಜೊಲೆಡ್ರೋನಿಕ್ ಆಸಿಡ್ ತಡೆಯುವುದು ಈ ಕರಗುವಿಕೆಯನ್ನು; ಕ್ಯಾನ್ಸರ್‌ನ ಮೂಲ ಚಿಕಿತ್ಸೆ ಅದರ ಜೊತೆಗೇ ನಡೆಯಬೇಕು.

ಮೊದಲ ಡೋಸಿಗೆ ಮುನ್ನ ದಂತವೈದ್ಯರಲ್ಲಿಗೆ ಹೋಗಿ. ಈ ಔಷಧ ಪಡೆಯುವವರಲ್ಲಿ ಕೆಲವರಿಗೆ, ಅದರಲ್ಲೂ ಹಲ್ಲು ಕೀಳಿಸಿದ ಮೇಲೆ, ದವಡೆಯ ಮೂಳೆ ಮಾಯದೆ ಸಾಯುತ್ತದೆ. ನಾವು ಹೋಗಿದ್ದ ಆಸ್ಪತ್ರೆಯಲ್ಲಿ ಹಲ್ಲಿನ ವಿಷಯವನ್ನು ಯಾರೂ ಕೇಳಲಿಲ್ಲ, ನಮಗೂ ತಿಳಿದಿರಲಿಲ್ಲ. ಅಮ್ಮನ ಕೆಳದವಡೆಯ ಅಲುಗಾಡುತ್ತಿದ್ದ ಹಲ್ಲನ್ನು ಕೀಳಿಸಿದ್ದು ನಾಲ್ಕನೆಯ ಡೋಸಿನ ನಂತರ. ಎರಡು ತಿಂಗಳಾದ ಮೇಲೂ ಟಾರ್ಚ್ ಹಿಡಿದು ನೋಡಿದರೆ ಆ ಗುಳಿಯಲ್ಲಿ ಜೋಳದ ಕಾಳಿನಷ್ಟು ಹಳದಿ ಮೂಳೆ ಬರಿದಾಗಿ ಕಾಣುತ್ತಿತ್ತು. ರಾಗಿಮುದ್ದೆಯನ್ನು ಕೂಡ ಅವರು ಒಂದೇ ಪಕ್ಕದಲ್ಲಿ ನುಂಗುತ್ತಿದ್ದರು. ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಿ, ಗಾಯ ಪೂರ್ತಿ ಮಾಯ್ದ ನಂತರವೇ ಇಂಜೆಕ್ಷನ್ ಶುರುಮಾಡಲು ಸಾಧ್ಯವೇ ಎಂದು ಕೇಳಿ. ಎಲೆಅಡಿಕೆ, ಹೊಗೆಸೊಪ್ಪು ಬಿಡಿಸಿ.

ಪ್ರತಿ ಡೋಸಿಗೂ ಮುನ್ನ ರಕ್ತದ ಕ್ರಿಯಾಟಿನಿನ್ ನೋಡಿಸಬೇಕು, ಏಕೆಂದರೆ ಈ ಔಷಧ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಸಾಮಾನ್ಯ ಪ್ರಮಾಣ 4 ಮಿಲಿಗ್ರಾಂ. ಅದು ಕನಿಷ್ಠ 15 ನಿಮಿಷ ನಿಧಾನವಾಗಿ ಇಳಿಯಬೇಕು. ಮೆಡಿಕಲ್ ಸ್ಟೋರಿನಿಂದ ತಾವಾಗಿ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಹೊರೆಯಾಗುವುದರಿಂದ ವೈದ್ಯರನ್ನು ಕೇಳದೆ ಕೊಡಬೇಡಿ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ. ಮೊದಲ ಡೋಸಿನ ನಂತರ ಎರಡು ಮೂರು ದಿನ ಜ್ವರ, ಮೈನೋವು ಬರುವುದುಂಟು.

ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತಿಂಗಳಿಗೊಮ್ಮೆ ಓಡಾಡುವವರು ಇನ್ನೊಂದು ಮಾತು ಕೇಳಲೇಬೇಕು. 1,822 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಜೊಲೆಡ್ರೋನಿಕ್ ಆಸಿಡ್ಡನ್ನು 4 ವಾರಕ್ಕೊಮ್ಮೆ ಕೊಡುವ ಬದಲು 12 ವಾರಕ್ಕೊಮ್ಮೆ ಕೊಟ್ಟಾಗಲೂ ಎರಡು ವರ್ಷಗಳಲ್ಲಿ ಮೂಳೆಯ ತೊಡಕುಗಳು ಹೆಚ್ಚಲಿಲ್ಲ. ಕೂಲಿ ಬಿಟ್ಟು ಜೊತೆಗೆ ಬರುವವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಅಂತರವನ್ನು ನಿರ್ಧರಿಸಬೇಕಾದವರು ವೈದ್ಯರೇ, ಮತ್ತು ಡೆನೋಸುಮ್ಯಾಬ್ ಎಂಬ ಬೇರೆ ಇಂಜೆಕ್ಷನ್ನಿಗೆ ಈ ಲೆಕ್ಕ ಅನ್ವಯಿಸದು.

ಒಂದೇ ಜಾಗದ ನೋವಿಗೆ 8 ಗ್ರೇ ಪ್ರಮಾಣದ ಒಂದೇ ಸಲದ ರೇಡಿಯೇಷನ್ ಸಾಕಾಗುತ್ತದೆಯೇ ಎಂದೂ ವಿಚಾರಿಸಿ.

ವಿಪರೀತ ಬಾಯಾರಿಕೆ, ಮಲಬದ್ಧತೆ, ವಾಂತಿ, ಮಂಕು ಒಟ್ಟಿಗೆ ಕಂಡರೆ ಅದೇ ದಿನ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಬೆನ್ನುನೋವಿನ ಜೊತೆಗೆ ಕಾಲಲ್ಲಿ ಬಲ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕಾಲು ಪೂರ್ತಿ ಬಿದ್ದುಹೋದ ಮೇಲೆ ಮತ್ತೆ ನಡೆಯುವುದು ಕಷ್ಟ. ರೋಗಿಯನ್ನು ಬೈಕಿನಲ್ಲಿ ಕೂರಿಸದೆ, ಮಲಗಿಸಿಯೇ ಇಟ್ಟು 108ಕ್ಕೆ ಕರೆಮಾಡಿ, ತುರ್ತು ವಿಭಾಗದಲ್ಲಿ ಮೊದಲ ಮಾತಾಗಿ “ಕ್ಯಾನ್ಸರ್ ಮೂಳೆಗೆ ಹರಡಿದೆ, ಇವತ್ತಿನಿಂದ ಕಾಲು ಎತ್ತಲಾಗುತ್ತಿಲ್ಲ” ಎಂದು ಹೇಳಿ.