ಕೈಗೆಟಕುವ ಎತ್ತರದಲ್ಲಿ

ಏರಿಯಲ್ ಸಿಲ್ಕ್ಸ್ ನನ್ನ ಕಸುಬು. ಉದ್ದನೆಯ ನೈಲಾನ್ ಬಟ್ಟೆಯನ್ನು ನಡುವಿಗೆ ಮಡಚಿ ಸೂರಿನಿಂದ ಇಳಿಬಿಟ್ಟಿರುತ್ತಾರೆ. ಆ ಎರಡು ಎಳೆ ಹಿಡಿದು ಹತ್ತಬೇಕು, ಕಾಲಿಗೋ ಸೊಂಟಕ್ಕೋ ಸುತ್ತಿಕೊಳ್ಳಬೇಕು, ಆ ಸುತ್ತು ಬಿಚ್ಚಿಕೊಳ್ಳುತ್ತಿದ್ದಂತೆ ಕೆಳಗೆ ಉರುಳಬೇಕು. ಸೊಂಟಕ್ಕೆ ಬೆಲ್ಟ್ ಇಲ್ಲ, ಬೆನ್ನಿಗೆ ತಂತಿಯಿಲ್ಲ. ಮೊದಲೆಲ್ಲ ಮಾಮೂಲಿ ವೇದಿಕೆಗಳಲ್ಲೇ ಮಾಡುತ್ತಿದ್ದೆ. ಆಮೇಲೆ ಕುರ್ಚಿಗಳೇ ಇಲ್ಲದ ಪ್ರಯೋಗಗಳಿಗೆ ಬಂದೆ. ಜನ ಹಾಲ್ ತುಂಬ ಓಡಾಡಿಕೊಂಡಿರುತ್ತಾರೆ. ಆಟ ಅವರ ತಲೆಯ ಮೇಲೆ, ಬೆನ್ನ ಹಿಂದೆ, ಒಮ್ಮೊಮ್ಮೆ ಭುಜಕ್ಕೆ ತಾಗುವಷ್ಟು ಹತ್ತಿರ ನಡೆಯುತ್ತದೆ. ಇಮ್ಮರ್ಸಿವ್ ಸರ್ಕಸ್ ಅನ್ನುವುದು ಇದಕ್ಕೇ. ಇದರ ರುಚಿ ಹತ್ತಿದ ಮೇಲೆ ವೇದಿಕೆ ನನಗೆ ಸಪ್ಪೆಯಾಗಿದೆ.

ಸುತ್ತ ಜನ ಇರುವುದೇನೂ ಸರ್ಕಸ್ಸಿಗೆ ಹೊಸದಲ್ಲ. 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಸವಾರಿಯ ಆಟ ಶುರುಮಾಡಿದ ಫಿಲಿಪ್ ಆಸ್ಟ್ಲಿಯ ಕಾಲದಿಂದಲೂ ಅದು ದುಂಡಗೇ ಇದೆ. ಕುದುರೆ ದುಂಡಗೆ ಓಡಿದರೆ ಸವಾರ ಒಳಕ್ಕೆ ವಾಲಿ ಅದರ ಬೆನ್ನ ಮೇಲೆ ನಿಲ್ಲಬಲ್ಲ. ಆ ಲೆಕ್ಕಕ್ಕೆ ನೆಲೆನಿಂತದ್ದು 42 ಅಡಿಯ ರಿಂಗ್. ಅಂದರೆ ಅಳತೆ ಕುದುರೆಯದು, ನೋಡುವವರದಲ್ಲ. 1859ರಲ್ಲಿ ಪ್ಯಾರಿಸ್ಸಿನಲ್ಲಿ ಜೂಲ್ ಲಿಯೋತಾರ್ ತೂಗಾಡುವ ಒಂದು ಟ್ರಪೀಜ್ ಕೋಲಿನಿಂದ ಇನ್ನೊಂದಕ್ಕೆ ಹಾರಿದ ಮೇಲಂತೂ ಜನ ಕತ್ತೆತ್ತಿ ನೋಡುವುದೇ ಆಯಿತು, ದೂರ ಇನ್ನಷ್ಟು ಹೆಚ್ಚಿತು. ಕಳೆದ ಶತಮಾನದ ಕೊನೆಯಲ್ಲಿ ಪ್ರಾಣಿಗಳನ್ನು ಕೈಬಿಟ್ಟ ಹೊಸ ಸರ್ಕಸ್ ಬಂದು ರಿಂಗಿನ ಹಂಗು ತಪ್ಪಿತು. ಎಲ್ಲರೂ 1984ರ ಸರ್ಕ್ ದು ಸೊಲೇಯ ಹೆಸರು ಹೇಳುತ್ತಾರೆ. ನನಗೆ ಮಾತ್ರ ಅರ್ಜೆಂಟೀನಾದ ದೆ ಲಾ ಗುವಾರ್ದಾ ತಂಡವೇ ದೊಡ್ಡದು. 1990ರ ದಶಕದಲ್ಲಿ ಅವರು ಪ್ರೇಕ್ಷಕರನ್ನು ನಿಲ್ಲಿಸಿ, ತಲೆಯ ಮೇಲಿನ ಕಾಗದದ ಸೂರು ಹರಿದುಕೊಂಡು ಇಳಿದರು. ಅಲ್ಲಿಂದಲೇ ಟಿಸಿಲೊಡೆದ ಫುಯೆರ್ಸಾ ಬ್ರೂತಾ ತಂಡ ನೀರು ತುಂಬಿದ ಪಾರದರ್ಶಕ ಹಾಳೆಯನ್ನು ಜನರ ಕೈಗೆಟಕುವಷ್ಟು ಕೆಳಗಿಳಿಸುತ್ತದೆ. ಮೇಲೆ ಕಲಾವಿದರು ಜಾರಾಡುತ್ತಿರುತ್ತಾರೆ, ಕೆಳಗಿನಿಂದ ಜನ ಅಂಗೈ ಒತ್ತಿ ನೋಡುತ್ತಾರೆ.

ವೇದಿಕೆಯಲ್ಲಿ ನಮಗೊಂದು ಮುಂಭಾಗ ಇರುತ್ತದೆ. ಸುತ್ತು ಕಟ್ಟುವುದನ್ನು ಮರೆಯಲ್ಲಿ ಮುಗಿಸಿ, ಚಂದದ ಭಂಗಿಯನ್ನಷ್ಟೇ ಎದುರಿಗೆ ತೋರಿಸುತ್ತೇವೆ. ಮುಖದಲ್ಲಿ ನಗು, ಉಸಿರು ಯಾರಿಗೂ ಕೇಳಿಸದು. ನಾಲ್ಕೂ ಕಡೆ ಜನ ನಿಂತರೆ ಆ ಮರೆ ಹೋಯಿತು. ಫುಟ್‌ಲಾಕ್ ಹಾಕುವಾಗ ಬಟ್ಟೆ ಕಾಲಿನ ಹೊರಬದಿಯಿಂದ ಪಾದದಡಿಗೆ ಬರುತ್ತದೆ, ಇನ್ನೊಂದು ಕಾಲು ಅದನ್ನು ಎತ್ತಿ ಪಾದದ ಮೇಲೆ ಹೊದಿಸುತ್ತದೆ, ಮೈಭಾರ ಬಿಟ್ಟೊಡನೆ ಬಿಗಿಯುತ್ತದೆ. ಪಾದದ ಮೇಲಿನ ಚರ್ಮ ಬಿಳಿಚಿಕೊಳ್ಳುವುದು, ರಾಳದ ಪುಡಿ ಹಚ್ಚಿದ ಅಂಗೈಯಲ್ಲಿ ಬಟ್ಟೆ ಕಿರ್ರೆನ್ನುವುದು, ಎಲ್ಲವೂ ಎರಡು ಮಾರು ದೂರದಲ್ಲಿ ನಿಂತವರಿಗೆ ಕಾಣುತ್ತದೆ, ಕೇಳುತ್ತದೆ. ಮೊದಮೊದಲು ಇದನ್ನೂ ಮುಚ್ಚಿಡಲು ಒದ್ದಾಡುತ್ತಿದ್ದೆ. ನಿಧಾನಕ್ಕೆ ತಿಳಿಯಿತು, ಜನ ನೋಡಲು ಹತ್ತಿರ ಬರುವುದೇ ಅದನ್ನು.

ದೂರದಿಂದ ನೋಡಿದಾಗ ಡ್ರಾಪ್ ಅಂದರೆ ಬರೀ ಬೀಳುವುದು; ಎದೆ ಝಲ್ಲೆನ್ನುತ್ತದೆ, ಚಪ್ಪಾಳೆ ಬೀಳುತ್ತದೆ, ಮುಗಿಯಿತು. ಹತ್ತಿರದವರು ಬೇರೆಯೇ ಆಟ ನೋಡುತ್ತಾರೆ. ಬಟ್ಟೆ ಬೆನ್ನ ಹಿಂದೆ ಅಡ್ಡ ಹಾಯ್ದದ್ದು, ತೊಡೆಯ ಸಂದಿಗೆ ಬಂದದ್ದು, ನಾನು ಬೆರಳಿನಿಂದ ಅದನ್ನು ಮುಟ್ಟಿ ಖಾತ್ರಿ ಮಾಡಿಕೊಂಡದ್ದು ಅವರಿಗೆ ಗೊತ್ತಿರುತ್ತದೆ. ನನ್ನನ್ನು ಯಾವುದು ಹಿಡಿಯಲಿದೆ ಎಂಬ ಲೆಕ್ಕದಲ್ಲಿ ಅವರೂ ಸೇರಿಕೊಂಡಿರುತ್ತಾರೆ. ಆದರೂ ನಾನು ಕೈಬಿಟ್ಟ ಕ್ಷಣ ಮುಂದಿನ ಸಾಲಿನವರ ತೋಳುಗಳು ಹಿಡಿದುಕೊಳ್ಳಲೆಂಬಂತೆ ತಾವಾಗಿಯೇ ಮೇಲೇಳುತ್ತವೆ! ಆ ತೋಳುಗಳಿಂದ ಏನೂ ಪ್ರಯೋಜನವಿಲ್ಲ, ನಿಜ. ಆದರೆ ಈ ಬಗೆಯ ಸರ್ಕಸ್ಸಿನ ಸೆಳೆತವೇನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅದನ್ನೇ. ಹಾಲಿಗೆ ಹೊಗೆ ತುಂಬಿಸಿ, ಕಿವಿಗಡಚಿಕ್ಕುವ ಸಂಗೀತ ಹಾಕಿ ಇಮ್ಮರ್ಸಿವ್ ಅನ್ನುವವರಿದ್ದಾರೆ. ಜನರ ಮೈ ಅಲುಗದಿದ್ದರೆ ಅದು ಕುರ್ಚಿ ತೆಗೆದ ನಾಟಕವಷ್ಟೇ.

ಇನ್ನು ಇದರ ಹಿಂದಿನ ಪಾಡು. ಬಟ್ಟೆಯ ತುದಿ ನೆಲದ ಮೇಲೆ ಬಿದ್ದಿರುತ್ತದೆ, ಯಾರೋ ಅದರ ಮೇಲೆ ಕಾಲಿಟ್ಟು ನಿಂತಿರುತ್ತಾರೆ. ನನಗೆ ಮೇಲೆ ಸುತ್ತು ಹಾಕಲು ಆ ತುದಿಯೇ ಬೇಕು, ಎಳೆದರೆ ಬರುವುದಿಲ್ಲ. ಹಾಗಾಗಿ ತುದಿ ಕಾಯಲೆಂದೇ ವೇಷ ಹಾಕಿದ ಒಬ್ಬರು ಕೆಳಗಿರುತ್ತಾರೆ. ಡ್ರಾಪ್‌ಗೆ ಮುಂಚೆ ನರ್ತಕರು ಕೈಚಾಚಿ ಸುತ್ತುತ್ತ ಜನರನ್ನು ಹಿಂದೆ ಸರಿಸುತ್ತಾರೆ. ಅದೂ ಆಟದ ಭಾಗವೆಂದೇ ಜನ ತಿಳಿಯುತ್ತಾರೆ. ಆ ಸಂದಿನಲ್ಲಿ ಮ್ಯಾಟ್ ಒಳಗೆ ಬರುತ್ತದೆ. ಮ್ಯಾಟಿಗೆ ಜಾಗವಿಲ್ಲ ಎಂದು ನಿರ್ದೇಶಕರು ಅಂದರೆ ಆ ಡ್ರಾಪ್ ಇಲ್ಲ; ಇದರಲ್ಲಿ ನನ್ನದು ಹಟವೇ. ಸೂರು ತಗ್ಗಾಗಿದ್ದರೆ ಕಡಿಮೆ ಹಿಗ್ಗುವ ಬಟ್ಟೆಯೇ ಆಗಬೇಕು. ಹೆಚ್ಚು ಹಿಗ್ಗುವ ಬಟ್ಟೆ ಮೈಗೆ ಹಿತ, ಆದರೆ ಎಲ್ಲಿ ನಿಲ್ಲಿಸುತ್ತದೆ ಎಂಬುದು ಅಂದಾಜಿಗೆ ಸಿಗುವುದಿಲ್ಲ.

ಬಟ್ಟೆಯನ್ನು ಸೂರಿಗೆ ತೂಗುಹಾಕುವ ರಿಗ್ಗಿಂಗ್ ವಿಷಯದಲ್ಲಂತೂ ಯಾರ ಮಾತನ್ನೂ ನಂಬಬೇಡಿ, ಕಣ್ಣಾರೆ ನೋಡಿ. 1931ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆ ಕಾಲದ ಮಹಾ ಕಲಾವಿದೆ ಲಿಲಿಯನ್ ಲೈಟ್ಜೆಲ್ ಬಿದ್ದದ್ದು ಕೈಜಾರಿ ಅಲ್ಲ. ಮೇಲಿನ ಸ್ವಿವೆಲ್, ಅಂದರೆ ಹಗ್ಗ ಹುರಿಗೊಳ್ಳದಂತೆ ತಿರುಗುವ ಲೋಹದ ಕೊಂಡಿ, ತುಂಡಾಗಿ. ಎರಡು ದಿನಕ್ಕೆ ತೀರಿಕೊಂಡರು. ಇವತ್ತು ಸ್ವಿವೆಲ್, ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಕ್ಕೆ) ಎಲ್ಲದರ ಮೇಲೂ ತಾಳುವ ಭಾರ ಕೊರೆದಿರುತ್ತದೆ. 22 ಕಿಲೋನ್ಯೂಟನ್ ಎಂದಿದ್ದರೆ ಸುಮಾರು 2,200 ಕಿಲೋ ತೂಕ. ಮನುಷ್ಯರನ್ನು ನೇತುಹಾಕುವಾಗ ಅದರ ಹತ್ತನೇ ಒಂದು ಪಾಲಷ್ಟೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ, ಅಂದರೆ 220 ಕಿಲೋ. ನೋಡಲು ಹೆಚ್ಚೆನಿಸುತ್ತದೆ. ಆದರೆ 55 ಕಿಲೋದವರು ಡ್ರಾಪ್ ಮಾಡಿ ಗಕ್ಕನೆ ನಿಂತಾಗ ಬೀಳುವ ಜಗ್ಗು ಮೈತೂಕದ ನಾಲ್ಕು ಪಟ್ಟಾದರೆ ಆ 220 ಅಲ್ಲಿಗೇ ಮುಗಿಯಿತು. ಕ್ಯಾರಬಿನರ್ ವಾಲಿಕೊಂಡು ಭಾರ ಅಡ್ಡಕ್ಕೆ ಬಿದ್ದರೆ ಅದು ತಾಳುವುದು ಮೂರನೇ ಒಂದರಷ್ಟು ಮಾತ್ರ. ಹತ್ತುವ ಮುಂಚೆ ಪ್ರತಿ ಸಲ ನಾನೇ ಏಣಿ ಹಾಕಿ ನೋಡುತ್ತೇನೆ, ರಿಗ್ಗರ್ ಎಷ್ಟೇ ಒಳ್ಳೆಯವರಿರಲಿ. ಅವರೂ ಬೇಸರಪಟ್ಟುಕೊಳ್ಳುವುದಿಲ್ಲ, ಪಟ್ಟುಕೊಳ್ಳುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ವೇದಿಕೆಯಿಂದ ಈ ಕಡೆ ಬರಬೇಕೆನ್ನುವವರು ಹೊಸ ಕಸರತ್ತು ಕಲಿಯುವುದು ಬೇಡ. ಗೊತ್ತಿರುವುದನ್ನೇ ಅರ್ಧ ವೇಗದಲ್ಲಿ ಮಾಡಿ ನೋಡಿ. ತೋಳು ನಡುಗತೊಡಗುತ್ತದೆ, ಏಕೆಂದರೆ ಇಷ್ಟು ದಿನ ಕೆಲಸ ಮಾಡಿದ್ದು ಬಲವಲ್ಲ, ರಭಸ. ಹತ್ತಿರದ ಕಣ್ಣಿಗೆ ಆ ನಿಧಾನವೇ ಬೇಕು. ತಾಲೀಮಿನ ಕೊನೆಯ ಹಂತದಲ್ಲಿ ನಾವು ಗೆಳೆಯರನ್ನು ಕರೆದು ಹಾಲಿನೊಳಗೆ ಬಿಡುತ್ತೇವೆ: ಬಟ್ಟೆ ತುಳಿಯಿರಿ, ಅಡ್ಡ ಬನ್ನಿ, ಫೋನಿನ ಲೈಟ್ ಮುಖಕ್ಕೆ ಹಿಡಿಯಿರಿ, ಸರಿಸಿದರೆ ಸರಿಯಬೇಡಿ ಎಂದು ಹೇಳಿಟ್ಟಿರುತ್ತೇವೆ. ಈ ಪಾತ್ರವನ್ನು ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.